ಮಾತಾಡಬಹುದಾಗಿದ್ದ ಜಾಗ

ಹೋದ ತಿಂಗಳು ಕಳಸದಲ್ಲಿ ಸಮಾಜ ವಿಜ್ಞಾನದ ಶಿಕ್ಷಕರಿಗೆ ತರಬೇತಿಯಿತ್ತು. ವಸ್ತಾರೆಯಲ್ಲಿ ಬೆಳಗಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಆಲ್ದೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಒಂದು ತಿರುವಿನಲ್ಲಿ ಆ ವಾಸನೆ ಒಳಗೆ ಬಂತು. ಹುಳಿತ ಹಣ್ಣಿನ ವಾಸನೆ, ಅದರಡಿಯಲ್ಲಿ ಕೊಳೆತ ಮೊಟ್ಟೆಯಂಥದ್ದು ಏನೋ. ಪಕ್ಕದಲ್ಲಿದ್ದ ಹೆಂಗಸು ಸೆರಗು ಮೂಗಿಗೆ ಹಿಡಿದು, "ಕಾಫಿ ಪಲ್ಪರ್ ಶುರು ಮಾಡಿದಾರೆ ಕಾಣ್ತದೆ. ಕಿಟಕಿ ಎಳೀರಿ ಅಕ್ಕ," ಅಂದಳು. ಎಳೆದೆ. ಆದರೂ ವಾಸನೆ ಹೋಗಲಿಲ್ಲ. ಅದು ಬಂದರೆ ನನಗೆ ಅಳು ಬರುವುದಿಲ್ಲ. ಒಳಗೆಲ್ಲೋ ಜೋಮು ಹಿಡಿದ ಹಾಗಾಗುತ್ತದೆ. ಬಾಳೆಹೊನ್ನೂರು ಬರುವ ತನಕ ಆ ಒಂದು ವರ್ಷದ ಕಾಫಿ ಸೀಸನ್ನೇ ತಲೆಯಲ್ಲಿತ್ತು.

ಆಗ ನಾವಿದ್ದದ್ದು ಒಂದು ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ. ನನ್ನ ಗಂಡ ಲೋಕೇಶ್ ಅಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಕರೆಯುವುದು, ಯಾರು ಯಾವ ಬ್ಲಾಕಿಗೆ ಎಂದು ಹಂಚುವುದು, ಸಂಜೆ ಕೊಯ್ದು ತಂದ ಹಣ್ಣಿನ ತೂಕ ಬರೆಯುವುದು ಅವರ ಕೆಲಸ. ಮದುವೆಗೆ ಮುಂಚೆಯೇ ಅಲ್ಲಿ ಸೇರಿದ್ದವರು. ಮಾತು ಅವರಿಗೆ ಊಟದಷ್ಟೇ ಇಷ್ಟ. ಬಸ್ಸಿನಲ್ಲಿ ಪಕ್ಕ ಕೂತವರ ಊರು, ಮನೆ, ತೋಟ, ಬೋರ್‌ವೆಲ್ಲಿನ ಆಳ ಎಲ್ಲ ಕೇಳಿ ಮುಗಿಸದೆ ಇಳಿಯುತ್ತಿರಲಿಲ್ಲ. ನಾನು ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಮೂಲಭೂತ ಹಕ್ಕುಗಳ ಪಾಠ ಬಂದಾಗ ಮನೆಯಲ್ಲಿ ಚಾರ್ಟು ಬರೆಯುವಾಗ ಅವರೇ ಸ್ಕೇಲು ಹಿಡಿದು ಗೆರೆ ಎಳೆದುಕೊಡುತ್ತಿದ್ದರು. ಮಾತಿನ ಸ್ವಾತಂತ್ರ್ಯ ಎಂದು ನಾನು ಕೆಂಪು ಶಾಯಿಯಲ್ಲಿ ಬರೆದರೆ, "ಇದು ನಂದು," ಎಂದು ನಗುತ್ತಿದ್ದರು.

ನಮಗೆ ಮಕ್ಕಳಾಗಲಿಲ್ಲ. ಎಸ್ಟೇಟಿನ ಯಜಮಾನರಾದ ಸಾಹುಕಾರರ ಒಬ್ಬಳೇ ಮಗಳು ಅನಘಾ ಚಿಕ್ಕವಳಿದ್ದಾಗ ಬಂಗಲೆಯಿಂದ ಇಳಿದು ನಮ್ಮ ಮನೆಗೆ ಬಂದು ಕಡುಬು ತಿಂದುಹೋಗುತ್ತಿದ್ದಳು. ಆ ವರ್ಷ ಅವಳು ಮಂಗಳೂರಿನಲ್ಲಿ ಓದುತ್ತಿದ್ದಳು. ಸಾಹುಕಾರರೂ ಕೆಟ್ಟವರೆಂದು ಹೇಳಲಾರೆ. ನನ್ನ ಮಾವ ತೀರಿಕೊಂಡಾಗ ತಮ್ಮ ಜೀಪನ್ನು ತಾವೇ ಓಡಿಸಿಕೊಂಡು ಬಂದಿದ್ದರು.

ಆ ವರ್ಷ ಹೂಮಳೆ ಬೇಗ ಬಂದಿತ್ತು, ಹಾಗಾಗಿ ಹಣ್ಣೂ ಬೇಗ ಆಯಿತು. ದೀಪಾವಳಿ ಕಳೆಯುವಷ್ಟರಲ್ಲಿ ಅರೇಬಿಕಾ ಗಿಡಗಳು ಕೆಂಪಾಗಿ ನಿಂತಿದ್ದವು, ಆಕಾಶದಲ್ಲಿ ಮಾತ್ರ ಇನ್ನೂ ಮೋಡ. ಗಿಡದಲ್ಲಿ ಬಿಟ್ಟರೆ ಹಣ್ಣು ಒಡೆದು ಉದುರುತ್ತದೆ, ಕೊಯ್ದು ಕಣಕ್ಕೆ ಹಾಕಿದರೆ ಒಣಗುವುದಿಲ್ಲ. ಎಲ್ಲರ ಮುಖವೂ ಬಿಗಿದುಕೊಂಡಿತ್ತು. ಹೊರಗಿನಿಂದ ಆಳು ತಂದು ಕೊಯ್ಲು ಮಾಡಿಸಿದರು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಬೆಳಗಿನಿಂದ ಸಂಜೆಯವರೆಗೂ ನಿಲ್ಲಲಿಲ್ಲ. ಆ ಯಂತ್ರದಿಂದ ಬರುವ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ, ಹಳ್ಳಕ್ಕೆ ಹೋಗದಂತೆ ನೋಡಿಕೊಳ್ಳಬೇಕು. ಆ ವರ್ಷ ಗುಂಡಿ ಸಾಲಲಿಲ್ಲ. ಮಳೆಯಲ್ಲಿ ಅದರ ಬದು ಒಂದು ಕಡೆ ಒಡೆಯಿತು. ಕೊಯ್ಲಿನ ಗಡಿಬಿಡಿಯಲ್ಲಿ ಅದನ್ನು ಕಟ್ಟಲು ಯಾರನ್ನೂ ಕಳಿಸಲಿಲ್ಲ.

ಹಳ್ಳದ ನೀರು ಮೊದಲು ಕಂದುಬಣ್ಣಕ್ಕೆ ತಿರುಗಿತು, ಆಮೇಲೆ ಕಪ್ಪಾಯಿತು. ಕಲ್ಲುಗಳ ಸಂದಿಯಲ್ಲಿ ಬಿಳಿ ನೊರೆ ಕಟ್ಟಿಕೊಂಡಿತು. ಕೂಲಿಯವರ ಲೈನ್ ಮನೆಗಳಿಗೆ ನೀರು ಬರುತ್ತಿದ್ದದ್ದು ಹಳ್ಳದ ದಂಡೆಯ ಬಾವಿಯಿಂದ. ಲೈನಿನಲ್ಲಿದ್ದ ಗಿರಿಜಮ್ಮ ಒಂದು ಬೆಳಿಗ್ಗೆ ಕೊಡದಲ್ಲಿ ನೀರು ತಂದು ನಮ್ಮ ಜಗುಲಿಯ ಮೇಲಿಟ್ಟು, "ರೈಟ್ರೇ, ಇದ್ನ ಮೂಸಿ ನೋಡಿ. ಇದ್ರಲ್ಲಿ ಅನ್ನ ಮಾಡೋದ್ ಹೆಂಗೆ?" ಎಂದಳು. ಲೋಕೇಶ್ ಹೋಗಿ ಸಾಹುಕಾರರಿಗೆ ಹೇಳಿದರು. "ಸೀಸನ್ ಮುಗೀಲಿ ಲೋಕೇಶ್, ಈಗ ಒಬ್ಬ ಆಳನ್ನೂ ಬಿಡಕ್ಕಾಗಲ್ಲ," ಅಂದರಂತೆ. ಇನ್ನೊಂದು ಸಲ ಹೇಳಿದರು, ಅದೇ ಉತ್ತರ. ಅದೇ ವಾರ ಗಿರಿಜಮ್ಮನ ಮೊಮ್ಮಗಳಿಗೆ ವಾಂತಿ ಭೇದಿ ಹಿಡಿಯಿತು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಮಗುವಿಗೆ ಡ್ರಿಪ್ ಹಾಕಿದ್ದನ್ನು ನೋಡಿಕೊಂಡು ಬಂದ ಲೋಕೇಶ್ ಮನೆಗೂ ಬರದೆ ನೇರ ಹಳ್ಳಕ್ಕೆ ಇಳಿದರು. ಫೋನಿನಲ್ಲಿ ವಿಡಿಯೋ ಮಾಡಿದರು.

ಆ ವಿಡಿಯೋದಲ್ಲಿ ಬೈಗುಳವಿರಲಿಲ್ಲ. ನೊರೆ ತೋರಿಸಿದರು, ಬಾವಿ ತೋರಿಸಿದರು. ಎಸ್ಟೇಟಿನ ಹೆಸರು ಹೇಳಿದರು. "ಇದು ನಮ್ಮ ಲೈನಿನ ಜನ ಕುಡಿಯೋ ನೀರು. ನಾನು ಇಲ್ಲೇ ಕೆಲಸ ಮಾಡೋನು. ಎರಡು ಸಲ ಹೇಳಿದೀನಿ. ದಯವಿಟ್ಟು ಗುಂಡಿ ಸರಿ ಮಾಡ್ಸಿ," ಅಷ್ಟೇ. ಫೇಸ್‌ಬುಕ್ಕಿಗೆ ಹಾಕಿದ ಮೇಲೆ ನನಗೆ ಹೇಳಿದರು. ಸಂಜೆಯ ಹೊತ್ತಿಗೆ ಮೂಡಿಗೆರೆಯಿಂದ ಕಳಸದ ತನಕ ಎಲ್ಲರ ಫೋನಿನಲ್ಲೂ ಅದೇ ಇತ್ತು. ಮಾರನೇ ದಿನ ಶಾಲೆಯಲ್ಲಿ ಹೆಡ್‌ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ನಿಮ್ಮನೆಯವ್ರ ವಿಡಿಯೋ ನೋಡ್ದೆ. ಚೆನ್ನಾಗಿದೆ. ಆದ್ರೆ ನೀವದನ್ನ ಶೇರ್ ಮಾಡಕ್ಕೆ ಹೋಗ್ಬೇಡಿ. ನಾವು ಸರ್ಕಾರಿ ನೌಕರರು, ನಮಗೆ ಬೇರೆ ನಿಯಮ ಇದೆ," ಎಂದರು. ನಾನು ಶೇರ್ ಮಾಡಿರಲಿಲ್ಲ. ಸಂವಿಧಾನದ ಪಾಠ ಹೇಳುವವಳಿಗೆ ಪಾಠ ಕೇಳುವವರಿಗಿಂತ ಕಡಿಮೆ ಮಾತಾಡಲು ಅನುಮತಿಯಿದೆ ಎಂಬುದು ನನಗೆ ಗೊತ್ತಿದ್ದದ್ದೇ. ತಲೆಯಾಡಿಸಿ ತರಗತಿಗೆ ಹೋದೆ.

ಸಂಜೆ ಮನೆಗೆ ಬಂದಾಗ ಲೋಕೇಶ್ ಜಗುಲಿಯ ಮೇಲೆ ಕೂತಿದ್ದರು. ಆ ಹೊತ್ತಿನಲ್ಲಿ ಅವರು ತೂಕದ ಹತ್ತಿರ ಇರಬೇಕಿತ್ತು.

"ಸಾಹುಕಾರ್ರು ಆಫೀಸಿಗೆ ಕರ್ಸಿದ್ರು," ಅಂದರು. "ನಾಳೆಯಿಂದ ಬರ್ಬೇಡಿ ಅಂದ್ರು."

"ನೀವೇನಂದ್ರಿ?"

"ಮಾತಾಡೋದು ನನ್ನ ಹಕ್ಕು ಸಾರ್, ಸಂವಿಧಾನದಲ್ಲೇ ಇದೆ, ನಮ್ಮನೇಲೇ ಟೀಚರ್ ಇದಾಳೆ ಅಂದೆ. ಗಟ್ಟಿಯಾಗೇ ಅಂದೆ. ಆಳುಗಳೆಲ್ಲ ಕೇಳಿಸ್ಕೊಂಡ್ರು."

"ಅದಕ್ಕೆ?"

"ಇರ್ಲಿ ಲೋಕೇಶ್, ಮಾತಾಡಿ, ನಾನೇನು ನಿಮ್ಮ ಬಾಯಿ ಮುಚ್ಚಿಸಿದ್ನಾ? ಆದ್ರೆ ನನ್ನ ತೋಟದಲ್ಲಿ ಕೆಲಸ ಬೇಡ ಅಂದ್ರು." ಅವರ ಕಣ್ಣಿನಲ್ಲಿ ಇನ್ನೂ ಆ ಜಗಳದ ಹುರುಪಿತ್ತು. "ಅವ್ರು ಹಂಗೆ ಮಾಡಂಗಿಲ್ಲ ಅಲ್ವಾ? ನೀನೇ ಒಂದು ಸಲ ಬಂದು ಹೇಳು ವಿಮಲಾ. ಹತ್ತೊಂಬತ್ತನೇ ವಿಧಿ ಅಂತ ಇದೆಯಲ್ಲ, ಅದನ್ನ ಹೇಳು."

ನಾನು ಬ್ಯಾಗು ಕೆಳಗಿಟ್ಟು ಅವರ ಪಕ್ಕ ಕೂತೆ. ಹೇಗೆ ಹೇಳಿದರೂ ಅದು ಸಾಹುಕಾರರ ಪರ ಮಾತಾಡಿದ ಹಾಗೇ ಕೇಳಿಸುವುದಿತ್ತು.

"ಆ ಹಕ್ಕು ಇರೋದು ಸರ್ಕಾರದ ಎದುರಿಗೆ ರೀ. ಸರ್ಕಾರ ನಿಮ್ಮ ಬಾಯಿ ಮುಚ್ಚಿಸ್ಬಾರ್ದು, ಪೊಲೀಸ್ರು, ತಹಸೀಲ್ದಾರ್ರು ಮುಚ್ಚಿಸ್ಬಾರ್ದು ಅಂತ. ಸಾಹುಕಾರ್ರು ಸರ್ಕಾರ ಅಲ್ಲ."

"ಅಂದ್ರೆ?"

"ಅಂದ್ರೆ ಆ ವಿಧಿ ಹೇಳಿ ಅವ್ರ ಹತ್ರ ಕೆಲಸ ವಾಪಸ್ ಕೇಳಕ್ಕಾಗಲ್ಲ."

"ಹಂಗಾದ್ರೆ ವರ್ಷಾ ವರ್ಷಾ ಮಕ್ಕಳಿಗೆ ಏನು ಹೇಳಿಕೊಡ್ತೀಯಾ ನೀನು?"

"ಇದನ್ನೇ."

"ನನಗ್ಯಾಕೆ ಹೇಳಿರ್ಲಿಲ್ಲ?"

ನೀವು ಕೇಳಿರಲಿಲ್ಲ ಎನ್ನಬಹುದಿತ್ತು. ಎದ್ದು ಒಲೆಯ ಮೇಲೆ ಹಾಲಿಟ್ಟೆ.

ಮೂಡಿಗೆರೆಯಲ್ಲಿ ವಕೀಲಿಕೆ ಮಾಡುತ್ತಿದ್ದ ನನ್ನ ಕಾಲೇಜಿನ ಗೆಳತಿ ಶಾಂತಲಾಗೆ ಫೋನ್ ಮಾಡಿ, ಫೋನನ್ನು ಲೋಕೇಶ್ ಕೈಗೇ ಕೊಟ್ಟೆ. ನನ್ನ ಬಾಯಿಂದ ಬಂದದ್ದು ಬೇರೆಯವರ ಬಾಯಿಂದ ಬಂದರೆ ಒಪ್ಪಿಯಾರು ಎಂದು. ಅವಳು ಸ್ಪೀಕರಿನಲ್ಲಿ ಹೇಳಿದ್ದು ನನಗೂ ಕೇಳುತ್ತಿತ್ತು. "ಲೋಕೇಶಣ್ಣ, ದೊಡ್ಡ ಕೋರ್ಟುಗಳಲ್ಲಿ ಇದರ ಬಗ್ಗೆ ವಾದ ನಡೀತಾನೇ ಇರ್ತದೆ. ಆದ್ರೆ ನಿಮ್ಮ ಸಾಹುಕಾರ್ರ ಮುಂದೆ ಸಂವಿಧಾನ ಹಿಡ್ಕೊಂಡು ನಿಂತ್ರೆ ಕೆಲಸ ವಾಪಸ್ ಬರಲ್ಲ. ನೋಟಿಸು ಕೊಡದೆ, ವಿಚಾರಣೆ ಮಾಡದೆ ತೆಗೆದ್ರಲ್ಲ, ಅದಕ್ಕೆ ಕಾರ್ಮಿಕ ಇಲಾಖೆಗೆ ಹೋಗ್ಬಹುದು. ಅದು ಬೇರೆ ದಾರಿ. ಬನ್ನಿ, ಅರ್ಜಿ ಹಾಕೋಣ." ಲೋಕೇಶ್ ಆಯಿತು ಎಂದರು. ಹೋಗಲಿಲ್ಲ. ತಮಗೆ ಬೇಕಿದ್ದದ್ದು ಆ ದಾರಿಯಲ್ಲ ಎನ್ನುವ ಹಾಗೆ ಫೋನನ್ನು ನನ್ನ ಕೈಗೆ ಕೊಟ್ಟರು.

ಎರಡು ದಿನ ಕಳೆದು ಬೆಳೆಗಾರರ ವಾಟ್ಸಾಪ್ ಗುಂಪಿನಿಂದ ಅವರನ್ನು ತೆಗೆದರು. ಅವರ ಅಪ್ಪನ ಪಾಲಿನಿಂದ ಬಂದ ಸಣ್ಣ ತೋಟವಿದ್ದದ್ದಕ್ಕೆ ಆ ಗುಂಪಿನಲ್ಲಿದ್ದರು. ಕಾಫಿ ಧಾರಣೆ, ಮಳೆ, ಆನೆ ಎಲ್ಲಿದೆ ಎಂಬ ಸುದ್ದಿ ಎಲ್ಲ ಅದರಲ್ಲೇ ಬರುತ್ತಿತ್ತು.

"ಇದೂ ಸರಿನಾ?" ಎಂದು ಫೋನು ತೋರಿಸಿದರು.

"ಸರಿಯೋ ತಪ್ಪೋ ಬೇರೆ ಮಾತು. ಅದು ಅವ್ರ ಜಗುಲಿ ಇದ್ದ ಹಾಗೆ. ಯಾರನ್ನ ಕೂರಿಸ್ಕೋಬೇಕು ಅನ್ನೋದು ಅವ್ರಿಗೆ ಬಿಟ್ಟಿದ್ದು."

"ಎಲ್ಲಾದಕ್ಕೂ ನಿನ್ನ ಹತ್ರ ಒಂದು ಉತ್ತರ ಇರ್ತದೆ ಮಾರಾಯ್ತಿ," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತೇನೋ.

ಅಷ್ಟರಲ್ಲಿ ವಿಡಿಯೋದಿಂದ ಒಂದು ಕೆಲಸವೂ ಆಗಿತ್ತು. ಎಸ್ಟೇಟಿನವರು ಟ್ರ್ಯಾಕ್ಟರಿನಲ್ಲಿ ಟ್ಯಾಂಕ್ ಇಟ್ಟು ಲೈನಿಗೆ ನೀರು ಕಳಿಸತೊಡಗಿದ್ದರು. ಗಿರಿಜಮ್ಮನ ಮೊಮ್ಮಗಳು ಮನೆಗೆ ಬಂದಿದ್ದಳು. ಗಿರಿಜಮ್ಮ ನಮ್ಮ ಮನೆಯ ಮುಂದೆ ಹಾಯುವಾಗ ನಿಂತು, ಆಚೆ ಈಚೆ ನೋಡಿ, ಮೆಲ್ಲಗೆ, "ರೈಟ್ರು ಊಟ ಮಾಡಿದ್ರಾ ಅಮ್ಮ?" ಎಂದು ಕೇಳಿ ಹೋಗುತ್ತಿದ್ದಳು. ಜೋರಾಗಿ ಮಾತಾಡಿಸಲು ಅವಳಿಗೆ ಭಯ. ಅವಳ ಕೆಲಸವೂ ಅಲ್ಲೇ, ಮನೆಯೂ ಅಲ್ಲೇ. ನಮ್ಮದೂ ಹಾಗೇ ಇತ್ತು, ತಿಂಗಳು ಮುಗಿಯುವುದರೊಳಗೆ ಕ್ವಾರ್ಟರ್ಸ್ ಬಿಡಬೇಕೆಂದು ಮೇಸ್ತ್ರಿಯ ಕೈಯಲ್ಲಿ ಹೇಳಿ ಕಳಿಸಿದ್ದರು.

ಭಾನುವಾರ ಮಧ್ಯಾಹ್ನ. ಹೊರಗೆ ಹನಿ ಬೀಳುತ್ತಿತ್ತು, ಕಣದಲ್ಲಿ ಆಳುಗಳು ಒಣಗಲು ಹಾಕಿದ್ದ ಕಾಫಿಗೆ ಟಾರ್ಪಾಲು ಹೊದಿಸಲು ಓಡಾಡುತ್ತಿದ್ದರು. ಅನಘಾ ಫೋನ್ ಮಾಡಿದಳು.

"ಆಂಟಿ, ಅಂಕಲ್ ವಿಡಿಯೋ ಕೆಳಗೆ ನನ್ನ ಫೋಟೋ ಹಾಕಿದಾರೆ. ಏನೇನೋ ಬರೆದಿದಾರೆ. ನೋಡಿದ್ರಾ?"

"ಇಲ್ಲ ಪುಟ್ಟಾ."

"ನೋಡ್ಬೇಡಿ. ತೆಗ್ಸಿ, ಅಷ್ಟೇ." ಅವಳೇ ಮುಂದುವರಿಸಿದಳು. "ಹಳ್ಳದ ವಿಷಯ ಅಂಕಲ್ ಹೇಳಿದ್ದು ಸರಿ ಆಂಟಿ. ಅಪ್ಪನಿಗೂ ಹೇಳಿದೀನಿ. ಆದ್ರೆ ನಾನೇನು ಮಾಡಿದೀನಿ?"

ನಾವು ವಿಡಿಯೋದ ಕೆಳಗೆ ಬಂದದ್ದನ್ನೆಲ್ಲ ಓದಿರಲಿಲ್ಲ. ಮೊದಮೊದಲು ಶಹಬ್ಬಾಸ್ ಲೋಕಣ್ಣ ಎಂದೇ ಇದ್ದವು. ಕೆಳಗೆ ಹೋದ ಹಾಗೆ ಅದು ಬೇರೆ ಜಾಗವಾಗಿತ್ತು. ಸಾಹುಕಾರರ ಜಾತಿ, ಹೆಂಡತಿ, ಮಗಳು. ಅವಳ ಕಾಲೇಜಿನ ಸಮಾರಂಭದ ಚಿತ್ರವನ್ನು ಎಲ್ಲಿಂದಲೋ ತಂದು ಹಾಕಿದ್ದರು. ಅದರ ಕೆಳಗೆ ಬರೆದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದವರಲ್ಲಿ ಕೆಲವರು ನನ್ನ ಹತ್ತಿರವೇ ಕಲಿತವರು.

ಲೋಕೇಶ್ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಒಂದೊಂದನ್ನೇ ತೆಗೆಯಲು ಕೂತರು. ತೆಗೆದಷ್ಟೂ ಹೊಸದು ಬರುತ್ತಿತ್ತು. ಫೋನ್ ಬಂತು, ನಮ್ಮ ಕಡೆಯೇ ಜೀಪು ಓಡಿಸುವ ಪರಿಚಯದವನು. ಅವನ ದನಿ ನನಗೂ ಕೇಳುತ್ತಿತ್ತು.

"ಎಂತ ಲೋಕಣ್ಣ, ನನ್ನ ಕಾಮೆಂಟ್ ತೆಗ್ದಿದೀರಿ? ನಿಮಗೆ ಮಾತ್ರ ವಾಕ್ ಸ್ವಾತಂತ್ರ್ಯ, ನಮಗಿಲ್ವಾ?"

ಲೋಕೇಶ್ ಫೋನನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ನೋಡಿದರು. "ಏನು ಹೇಳ್ಲಿ?"

"ಹೆಣ್ಣುಮಗಳ ಮೇಲೆ ಹೊಲಸು ಬರೆಯೋದು ಯಾವ ಹಕ್ಕಿನೊಳಗೂ ಬರಲ್ಲ ಅನ್ನಿ. ಅದಕ್ಕೆ ಮಿತಿ ಅಂತ ಅದೇ ವಿಧಿಯ ಕೆಳಗೇ ಬರೆದಿದೆ. ಮತ್ತೆ, ನಿಮ್ಮ ಪುಟದಲ್ಲಿ ಯಾವುದು ಇರ್ಬೇಕು ಅನ್ನೋದು ನಿಮಗೆ ಬಿಟ್ಟಿದ್ದು."

ಅವರು ಫೋನು ಕಿವಿಗಿಟ್ಟುಕೊಂಡು, "ತೆಗ್ದಿದೀನಿ ಮಾರಾಯ. ಪಾಪದ ಹುಡುಗಿ," ಅಂದರು. ಅಷ್ಟೇ. ಮಾರನೇ ದಿನ ಆ ಜೀಪಿನವನು ಲೋಕೇಶ್ ಸಾಹುಕಾರರ ದುಡ್ಡು ತಿಂದು ಬಾಯಿ ಮುಚ್ಚಿದ ಎಂದು ಬರೆದ. ಅದಕ್ಕೂ ಶಹಬ್ಬಾಸ್ ಎಂದವರು ಬಹಳ ಜನ.

ಸಾಹುಕಾರರಿಗೆ ಇದೆಲ್ಲ ಒಂದೇ ಆಗಿ ಕಂಡಿತು. ವಿಡಿಯೋ ಹಾಕಿದವನೂ ಹೊಲಸು ಬರೆದವರೂ ಒಂದೇ ಕೈ. ತಂದೆಯ ಮನಸ್ಸಿಗೆ ಹಾಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಅವರು ಪೊಲೀಸರಿಗೆ ದೂರು ಕೊಟ್ಟರು. ಠಾಣೆಯಿಂದ ಕರೆ ಬಂದದ್ದು ಲೋಕೇಶ್ ಒಬ್ಬರಿಗೇ.

ನಾನು ರಜೆ ಹಾಕಿ ಜೊತೆಗೆ ಹೋದೆ. ದಾರಿಯಲ್ಲಿ ಶಾಂತಲಾಗೆ ಫೋನ್ ಮಾಡಿದೆ. ಅವಳು ಚಿಕ್ಕಮಗಳೂರು ಕೋರ್ಟಿನಲ್ಲಿದ್ದಳು. "ಬರೀ ಮಾನಹಾನಿ ಅಂದ್ರೆ ಪೊಲೀಸ್ರು ತಾವಾಗೇ ಕೇಸು ಹಾಕೋ ವಿಷಯ ಅಲ್ಲ ಕಣೆ, ಅವ್ರು ಕೋರ್ಟಿಗೇ ಹೋಗ್ಬೇಕು. ವಿಡಿಯೋ ಅಳಿಸು ಅನ್ನಕ್ಕೆ ಪೊಲೀಸ್ರಿಗೆ ಅಧಿಕಾರ ಇಲ್ಲ. ಹೇಳಿದ್ದು ನಿಜ, ಊರಿನ ನೀರಿನ ವಿಷಯ. ನಾನು ಬರೋ ತನಕ ಏನಕ್ಕೂ ಸಹಿ ಹಾಕ್ಬೇಡಿ," ಎಂದಳು. ನಾನು ಅದನ್ನೇ ಲೋಕೇಶ್‌ಗೆ ಹೇಳಿದೆ. ಅವರು ಬಸ್ಸಿನ ಮುಂದಿನ ಸೀಟಿನ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವರು, ಒರಟರಲ್ಲ. ಕೂರಿಸಿ ಟೀ ತರಿಸಿದರು. "ನೋಡಿ ಲೋಕೇಶ್ ಅವ್ರೆ, ನೀವೂ ಮರ್ಯಾದಸ್ಥರು, ಅವ್ರೂ ಮರ್ಯಾದಸ್ಥರು. ಹೆಣ್ಮಗಳ ವಿಷಯ ಬೇರೆ ಬಂದಿದೆ. ಆ ವಿಡಿಯೋ ತೆಗೆದುಬಿಡಿ. ತಪ್ಪಾಯ್ತು, ಇನ್ಮೇಲೆ ಈ ಥರ ಹಾಕಲ್ಲ ಅಂತ ಎರಡು ಸಾಲು ಬರೆದುಕೊಡಿ. ಕೇಸು ಗೀಸು ಬೇಡ."

"ಸರ್," ಎಂದೆ ನಾನು. "ಹುಡುಗಿ ಬಗ್ಗೆ ಬರೆದವರು ಬೇರೆ. ಅವ್ರ ಹೆಸರುಗಳೆಲ್ಲ ಇವೆ. ಅವ್ರನ್ನ ಕರೆಸಿ. ಇವರು ಹೇಳಿದ್ದು ಹಳ್ಳದ ನೀರಿನ ವಿಷಯ. ಅದನ್ನ ಯಾವ ಕಾನೂನಿನಲ್ಲಿ ತೆಗೀಬೇಕು?"

ಅವರು ನನ್ನ ಕಡೆ ತಿರುಗಿದರು. "ಮೇಡಂ, ನೀವು ಸರ್ಕಾರಿ ಶಾಲೆ ಟೀಚರ್ ಅಲ್ವಾ?"

"ಹೌದು."

"ಮತ್ತೆ? ನಿಮಗೆ ಇದೆಲ್ಲ ಯಾಕೆ?"

ನಾನು ಹೇಳಬೇಕೆಂದಿದ್ದದ್ದು ಬಾಯಿಗೆ ಬಂದಿತ್ತು. ಅಷ್ಟು ದಿನ ನಾನು ಮನೆಯಲ್ಲಿ ಹೇಳುತ್ತಿದ್ದ ಸರ್ಕಾರ ಎಂಬುದು ಇದೇ, ಈ ಮೇಜು, ಈ ಟೋಪಿ, ಈ ಟೀ ಲೋಟ. ಸಾಹುಕಾರರ ಆಫೀಸಿನಲ್ಲಿ ಲೋಕೇಶ್ ಗಟ್ಟಿಯಾಗಿ ಹೇಳಿದ್ದ ಆ ಮಾತಿಗೆ ಅಲ್ಲಿ ಬಲವಿರಲಿಲ್ಲ. ಇಲ್ಲಿ ಇತ್ತು. ಇಲ್ಲಿ ಅದನ್ನೇ ಇನ್ನೊಂದು ಸಲ ಹೇಳಿದರೆ ಸಾಕಿತ್ತು. ನಾನು ಲೋಕೇಶ್ ಕಡೆ ತಿರುಗಿ, "ರೀ, ಇಲ್ಲಿ ಹೇಳ್ಬಹುದು," ಎಂದೆ.

ಲೋಕೇಶ್ ಆಗಲೇ ಫೋನು ತೆಗೆದಿದ್ದರು. ಅವರ ಹೆಬ್ಬೆರಳು ಪರದೆಯ ಮೇಲೆ ಎರಡು ಸಲ ಒತ್ತಿತು. "ಹೋಯ್ತು ಸಾರ್," ಎಂದು ಫೋನನ್ನು ಮೇಜಿನ ಮೇಲೆ ತಿರುಗಿಸಿಟ್ಟರು. ಆಮೇಲೆ ಪೆನ್ನು ಕೇಳಿದರು. ತಪ್ಪಾಯಿತು ಎಂದು ಬರೆಯುವಾಗ ಅವರ ಅಕ್ಷರ ಯಾವತ್ತಿನಂತೆ ದುಂಡಗೆ, ಚಂದ ಇತ್ತು.

ಹೊರಗೆ ಬಂದ ಮೇಲೆ ಕೇಳಿದೆ, "ಯಾಕೆ ರೀ? ಶಾಂತಲಾ ಬರ್ತಿದ್ಳು."

"ಆ ಹಕ್ಕು ಎಲ್ಲಿ ಇದೆ, ಎಲ್ಲಿ ಇಲ್ಲ ಅಂತ ನನಗೆ ಗೊತ್ತಾಗಲ್ಲ ವಿಮಲಾ," ಅಂದರು. "ಸಾಕಾಯ್ತು. ಬಸ್ಸು ಬಂತು ನೋಡು."

ಶಾಂತಲಾ ಬೈದಳು. ಬರೆದುಕೊಟ್ಟದ್ದನ್ನು ಪ್ರಶ್ನಿಸಬಹುದು ಎಂದಳು. ಲೋಕೇಶ್ ಒಪ್ಪಲಿಲ್ಲ. ನನಗೂ ಒತ್ತಾಯ ಮಾಡುವ ಶಕ್ತಿಯಿರಲಿಲ್ಲ. ಆ ದಿನಗಳಲ್ಲಿ ಬೆಳಿಗ್ಗೆ ಎದ್ದು ಅಡಿಗೆ ಮಾಡಿದೆ, ಶಾಲೆಗೆ ಹೋದೆ, ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದೆ. ಮಾತಿನ ಸ್ವಾತಂತ್ರ್ಯ ಎಂದರೇನು ಎಂಬ ಪ್ರಶ್ನೆಗೆ ಬಹಳ ಮಕ್ಕಳು, ಯಾರು ಏನು ಬೇಕಾದರೂ ಹೇಳಬಹುದು, ಯಾರೂ ಏನೂ ಮಾಡುವಂತಿಲ್ಲ ಎಂದು ಬರೆದಿದ್ದರು. ಎಲ್ಲದಕ್ಕೂ ಅರ್ಧ ಅಂಕ ಹಾಕಿದೆ.

ತಿಂಗಳ ಕೊನೆಗೆ ಕ್ವಾರ್ಟರ್ಸ್ ಬಿಟ್ಟೆವು. ಮಂಜು ಇನ್ನೂ ಗಿಡಗಳ ಮೇಲೆ ಕೂತಿದ್ದಾಗ ಪಿಕಪ್ಪಿನಲ್ಲಿ ಸಾಮಾನು ತುಂಬಿದರು. ಗಿರಿಜಮ್ಮ ಬಂದು ನಿಂತಳು, ಈ ಸಲ ಆಚೆ ಈಚೆ ನೋಡಲಿಲ್ಲ. "ನಿಮ್ಮಿಂದ ನೀರು ಬಂತು ರೈಟ್ರೇ," ಎಂದಳು. ಲೋಕೇಶ್ ಅವಳ ಮೊಮ್ಮಗಳ ತಲೆ ಸವರಿ, "ಹುಷಾರು," ಎಂದರು. ಬಂಗಲೆಯ ಕಡೆಯಿಂದ ಯಾರೂ ಇಳಿದು ಬರಲಿಲ್ಲ. ಕೆಳಗೆ ಹಳ್ಳದಲ್ಲಿ ಪಲ್ಪರ್ ನೀರು ಹಾಗೇ ಹರಿಯುತ್ತಿತ್ತು.

ವಸ್ತಾರೆಯಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತು. ಲೋಕೇಶ್ ಆಲ್ದೂರಿನ ಕಾಫಿ ವ್ಯಾಪಾರಿಯೊಬ್ಬರ ಹತ್ತಿರ ಮೂಟೆ ತೂಕ ಹಾಕುವ ಕೆಲಸಕ್ಕೆ ಸೇರಿದರು. ಬೆಳಿಗ್ಗೆ ಹೋಗಿ ಸಂಜೆ ಬರುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರನ್ನು ಮಾತಾಡಿಸುವುದಿಲ್ಲ. ಮುಂದಿನ ಸೀಸನ್ನಿಗೆ ಮೊದಲು ಎಸ್ಟೇಟಿನಲ್ಲಿ ಹೊಸ ಗುಂಡಿ ತೋಡಿಸಿ, ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿಸಿದರೆಂದು ಗಿರಿಜಮ್ಮ ಸಂತೆಯಲ್ಲಿ ಸಿಕ್ಕಾಗ ಹೇಳಿದಳು. ಅಲ್ಲಿ ಹಳ್ಳ ಈಗ ತಿಳಿಯಾಗಿದೆಯಂತೆ. ಹೋದ ತಿಂಗಳು ಬಸ್ಸಿನೊಳಗೆ ಬಂದ ವಾಸನೆ ಬೇರೆ ಯಾವುದೋ ತೋಟದ್ದಿರಬೇಕು. ಗುಂಡಿಯ ವಿಷಯ ಲೋಕೇಶ್‌ಗೆ ಹೇಳಿದೆ. "ಒಳ್ಳೇದಾಯ್ತು," ಅಂದರು. ಸಾರು ಬಡಿಸಿಕೊಂಡರು. ಹುಡುಗಿಯ ಬಗ್ಗೆ ಬರೆದವರಲ್ಲಿ ಯಾರನ್ನೂ ಯಾರೂ ಕರೆಸಲಿಲ್ಲ. ಅನಘಾ ಫೇಸ್‌ಬುಕ್ಕನ್ನೇ ಬಿಟ್ಟಳು.

ಮರುವರ್ಷ ಆ ಪಾಠ ಬಂದಾಗ ಚಾರ್ಟು ಮಾಡಲಿಲ್ಲ. ಕಪ್ಪು ಹಲಗೆಯ ಮಧ್ಯೆ ಒಂದು ಗೆರೆ ಎಳೆದೆ. ಒಂದು ಕಡೆ ಪೊಲೀಸ್, ತಹಸೀಲ್ದಾರ್, ಪಂಚಾಯಿತಿ, ಸರ್ಕಾರ ಎಂದು ಬರೆದೆ. ಇನ್ನೊಂದು ಕಡೆ ಯಜಮಾನ, ಅಂಗಡಿಯವರು, ವಾಟ್ಸಾಪ್ ಗುಂಪಿನ ಅಡ್ಮಿನ್, ಮನೆಯವರು. ಈ ಹಕ್ಕು ಕೇಳಬೇಕಾದ್ದು ಗೆರೆಯ ಸರ್ಕಾರದ ಕಡೆಯವರ ಹತ್ತಿರ ಎಂದೆ. ಮಾತಾಡುವ ಹಕ್ಕಿದ್ದರೂ ಕೇಳಲೇಬೇಕೆಂಬ ಕಟ್ಟಳೆ ಯಾರ ಮೇಲೂ ಇಲ್ಲ ಎಂದೆ. ಹೊಲಸು ಬೈದವನನ್ನು ಈ ಹಕ್ಕು ಕಾಯುವುದಿಲ್ಲ, ನಿಜ ಹೇಳಿದವನ ನೌಕರಿಯನ್ನೂ ಕಾಯುವುದಿಲ್ಲ ಎಂದೆ. ಮಕ್ಕಳು ಬರೆದುಕೊಂಡರು. ಪಾಠ ಸರಿಯಾಗಿತ್ತು. ಅದನ್ನು ಅಷ್ಟು ಸರಿಯಾಗಿ ನಾನು ಯಾವತ್ತೂ ಮಾಡಿರಲಿಲ್ಲ. ಗಂಟೆ ಹೊಡೆದಾಗ ಹಲಗೆ ಒರೆಸಿ ಮುಂದಿನ ತರಗತಿಗೆ ಹೋದೆ.

ಆ ಚಳಿಗಾಲದಲ್ಲೇ ನಮ್ಮ ಹೊಸ ಊರಿನಲ್ಲಿ ಗ್ರಾಮಸಭೆ ನಡೆಯಿತು. ಸಮುದಾಯ ಭವನದಲ್ಲಿ ಪ್ಲಾಸ್ಟಿಕ್ ಕುರ್ಚಿ, ಮುಂದೆ ಒಂದು ಮೇಜು, ತಾಲೂಕಿನಿಂದ ಬಂದ ಅಧಿಕಾರಿ. ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡು ಮನೆಗಳ ಮುಂದೆ ನೀರು ನಿಲ್ಲುತ್ತಿತ್ತು. ಅದಕ್ಕೆಂದೇ ಬೀದಿಯವರೆಲ್ಲ ಹೋಗಿದ್ದೆವು. ರಸ್ತೆ, ಬೀದಿದೀಪ, ವಸತಿ ಯೋಜನೆ ಎಲ್ಲ ಓದಿ ಮುಗಿಸಿ ಅಧಿಕಾರಿ, "ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಹೇಳಿ. ಸಂಕೋಚ ಬೇಡ," ಎಂದರು. ಯಾರೂ ಏಳಲಿಲ್ಲ. ಪಕ್ಕದ ಮನೆಯವರು ತಿರುಗಿ, "ನೀವು ಹೇಳಿ ಲೋಕೇಶಣ್ಣ, ನಿಮಗೆ ಮಾತಾಡಕ್ಕೆ ಬರ್ತದೆ," ಎಂದರು. ಲೋಕೇಶ್ ಎದ್ದು ನಿಂತರು.

ಮೈಕು ಅವರ ಕೈಗೆ ಬಂತು. "ಎಲ್ಲರಿಗೂ ನಮಸ್ಕಾರ," ಎಂದರು. ಭವನದೊಳಗೆ ಅವರ ದನಿ ಸ್ಪಷ್ಟವಾಗಿ ಕೇಳಿತು. ಅಧಿಕಾರಿ ಪೆನ್ನು ತೆಗೆದುಕೊಂಡರು. ಲೋಕೇಶ್ ಮೈಕು ಹಿಡಿದು ನಿಂತೇ ಇದ್ದರು. ಜನ ಕಾದರು. ಯಾರೋ ಕೆಮ್ಮಿದರು. ಅಧಿಕಾರಿ, "ಹೇಳಿ, ಹೇಳಿ," ಎಂದು ಮೆತ್ತಗೆ ಅಂದರು. ಲೋಕೇಶರ ತುಟಿ ಒಂದೆರಡು ಸಲ ಅಲ್ಲಾಡಿತು. ಆಮೇಲೆ, "ಏನಿಲ್ಲ ಸಾರ್," ಎಂದು ಮೈಕನ್ನು ಪಕ್ಕದವರ ಕೈಗೆ ಕೊಟ್ಟು ಕೂತರು. ಪಕ್ಕದವರು ಅಲ್ಲೇ ಚರಂಡಿಯ ವಿಷಯ ಹೇಳಿದರು. ಅಧಿಕಾರಿ ಬರೆದುಕೊಂಡರು. ಸಭೆ ಮುಗಿಯಿತು.

ಮನೆಗೆ ನಡೆದು ಬಂದೆವು. ಬಿಸಿಲು ಚೆನ್ನಾಗಿತ್ತು, ಅಂಗಳಗಳಲ್ಲಿ ಕಾಫಿ ಹರವಿದ್ದರು. ಬೀದಿಯ ತಿರುವಿನಲ್ಲಿ ಅವರು ನಿಂತರು.

"ಯಾರೂ ಬೇಡ ಅನ್ಲಿಲ್ಲ, ಅಲ್ವಾ?" ಎಂದು ಕೇಳಿದರು.

"ಇಲ್ಲ ರೀ," ಎಂದೆ. "ಯಾರೂ ಅನ್ಲಿಲ್ಲ."